ಹಳೆಯ ರೈಡ್ ತೆಗೆಯುವ ಮುನ್ನ ಹಾಕಬೇಕಾದ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಫ್ಲಾರಿಡಾದಲ್ಲಿರುವ ಡಿಸ್ನಿ ಕಂಪನಿಯ ಮನರಂಜನಾ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್ 1971ರಲ್ಲಿ ತೆರೆದಾಗಿನಿಂದ ಅಲ್ಲೊಂದು ಕೃತಕ ನದಿ ಇತ್ತು, ಹೆಸರು ರಿವರ್ಸ್ ಆಫ್ ಅಮೆರಿಕಾ. 2025ರ ಜುಲೈನಲ್ಲಿ ಅದು ಮುಚ್ಚಿತು. ಅದರ ಮೇಲೆ ಓಡಾಡುತ್ತಿದ್ದ ಸ್ಟೀಮ್‌ಬೋಟ್, ನಡುವೆ ಇದ್ದ ಟಾಮ್ ಸಾಯರ್ ದ್ವೀಪ, ಎರಡೂ ನದಿಯ ಜೊತೆಗೇ ಹೋದವು. ಆ ಜಾಗಕ್ಕೆ 'ಕಾರ್ಸ್' ಚಿತ್ರಗಳ ಪಾತ್ರಗಳಿರುವ ರೈಡ್‌ಗಳು ಬರುತ್ತಿವೆ, ಅದರಾಚೆಗೆ ಡಿಸ್ನಿ ಕತೆಗಳ ಖಳರಿಗೇ ಮೀಸಲಾದ ಒಂದು ವಲಯ. 2024ರ ಆಗಸ್ಟ್‌ನಲ್ಲಿ ಯೋಜನೆ ಹೊರಬಿದ್ದ ದಿನದಿಂದ ಅಭಿಮಾನಿಗಳಲ್ಲಿ ಎರಡು ಬಣ. ಅರ್ಧ ಖಾಲಿ ಓಡುವ ಬೋಟಿಗೆ ಇಷ್ಟೊಂದು ಜಾಗ ಯಾಕೆ ಅನ್ನುತ್ತದೆ ಒಂದು. ಪಾರ್ಕಿನ ಜೀವವನ್ನೇ ತೆಗೆದರು ಅನ್ನುತ್ತದೆ ಇನ್ನೊಂದು.

ಎರಡೂ ಬಣ ಕೇಳದ ಪ್ರಶ್ನೆಯೊಂದಿದೆ. ಆ ಹಳೆಯ ಆಕರ್ಷಣೆ ದಿನವಿಡೀ ಪಾರ್ಕಿಗೆ ಯಾವ ಕೆಲಸ ಮಾಡಿಕೊಡುತ್ತಿತ್ತು, ಅದು ಹೋದ ಮೇಲೆ ಆ ಕೆಲಸ ಯಾರ ತಲೆಗೆ ಬರುತ್ತದೆ? ಇವತ್ತು ನಾನು ಮಾತಾಡುವುದು ಇದರ ಬಗ್ಗೆ.

ಮೊದಲು ಸಾಮರ್ಥ್ಯದ ಲೆಕ್ಕ. ಒಂದು ರೈಡ್ ಗಂಟೆಗೆ ಎಷ್ಟು ಜನರನ್ನು ಸಾಗಿಸುತ್ತದೆ ಎಂದು ತಿಳಿಯಲು ಕೈಗಡಿಯಾರ ಸಾಕು. ನಿಲ್ದಾಣದಿಂದ ಒಂದು ಗಾಡಿ ಹೊರಟ ಮೇಲೆ ಮುಂದಿನದು ಹೊರಡಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಅಳೆಯಿರಿ. ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ. 3600ನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಗಾಡಿಯ ಸೀಟುಗಳಿಂದ ಗುಣಿಸಿ. 20 ಸೀಟಿನ ಗಾಡಿ 36 ಸೆಕೆಂಡಿಗೊಮ್ಮೆ ಹೊರಟರೆ ಗಂಟೆಗೆ 2000 ಜನ. ಅದೇ ಗಾಡಿ 45 ಸೆಕೆಂಡಿಗೊಮ್ಮೆ ಹೊರಟರೆ 1600. ಬರೀ ಒಂಬತ್ತು ಸೆಕೆಂಡಿಗೆ 400 ಜನ ಕಡಿಮೆ. ಅದೂ ಎಲ್ಲ ಸೀಟು ತುಂಬಿದ್ದರೆ. ನಾಲ್ಕು ಸೀಟಿನ ಸಾಲಿನಲ್ಲಿ ಮೂವರ ಕುಟುಂಬ ಕೂತರೆ ನಾಲ್ಕನೆಯ ಸೀಟು ಸಾಮಾನ್ಯವಾಗಿ ಖಾಲಿಯೇ ಹೋಗುತ್ತದೆ. ಒಂಟಿಯಾಗಿ ಬಂದವರಿಗೆ ಬೇರೆ ಸಾಲು ಮಾಡುವುದು ಈ ಕಾರಣಕ್ಕೇ.

ಆ ಒಂಬತ್ತು ಸೆಕೆಂಡ್ ಎಲ್ಲಿ ಸೋರುತ್ತದೆ? ಹೆಚ್ಚಾಗಿ ಹತ್ತಿ ಇಳಿಯುವ ಜಾಗದಲ್ಲಿ. ಬ್ಯಾಗ್ ಇಡುವುದು, ತೊಡೆಯ ಮೇಲಿನ ಸರಳನ್ನು ಸಿಬ್ಬಂದಿ ಒಂದೊಂದಾಗಿ ಎಳೆದು ನೋಡುವುದು, ಗಾಲಿಕುರ್ಚಿಯಿಂದ ಸೀಟಿಗೆ ಬರುವವರಿಗೆ ಬೇಕಾದ ಸಮಯ. ರೋಲರ್ ಕೋಸ್ಟರ್‌ಗಳಲ್ಲಿ ಇನ್ನೊಂದು ವಿಷಯವೂ ಇದೆ. ಟ್ರ್ಯಾಕನ್ನು ಬ್ಲಾಕ್‌ಗಳಾಗಿ ವಿಂಗಡಿಸಿರುತ್ತಾರೆ, ಒಂದು ಬ್ಲಾಕಿನಲ್ಲಿ ಒಂದೇ ಗಾಡಿ ಇರಬೇಕು. ಮುಂದಿನ ಬ್ಲಾಕ್ ಖಾಲಿಯಾಗದೆ ನಿಲ್ದಾಣದ ಗಾಡಿಗೆ ಹೊರಡಲು ಅನುಮತಿ ಸಿಗುವುದಿಲ್ಲ. ಇತ್ತ ಜನ ಇಳಿಯುವುದು ನಿಧಾನವಾದರೆ ಹಿಂದಿನ ಗಾಡಿ ಕೊನೆಯ ಬ್ರೇಕಿನ ಮೇಲೆ ಕಾಯುತ್ತದೆ, ಅದರ ಹಿಂದಿನದು ಇನ್ನೂ ಹಿಂದೆ. ಹೀಗಿರುವಾಗ ಇನ್ನೊಂದು ಗಾಡಿ ಸೇರಿಸಿ ಎಂಬ ಸಲಹೆಯಿಂದ ಏನೂ ಪ್ರಯೋಜನವಿಲ್ಲ. ಬ್ರೇಕಿನ ಮೇಲೆ ಕಾಯುವ ಗಾಡಿ ಇನ್ನೊಂದು ಹೆಚ್ಚುತ್ತದೆ, ಅಷ್ಟೇ.

ಈಗ ಸಾಲಿನ ಕಡೆ ಬನ್ನಿ. ಗಂಟೆಗೆ 1600 ಜನರ ರೈಡಿಗೆ ಒಂದು ಗಂಟೆ ಕಾಯಬೇಕಿದೆ ಎಂದರೆ ಸಾಲಿನಲ್ಲಿ 1600 ಜನ ನಿಂತಿದ್ದಾರೆ ಎಂದರ್ಥ. ಒಬ್ಬರಿಗೆ ಅರ್ಧ ಚದರ ಮೀಟರ್ ಹಿಡಿದರೂ 800 ಚದರ ಮೀಟರ್ ಜಾಗ ಬೇಕು, ನೆರಳು, ಫ್ಯಾನ್ ಸಮೇತ. ಮೊಬೈಲ್‌ನಲ್ಲಿ ಸರದಿ ಕೊಡುವ ವ್ಯವಸ್ಥೆ ತಂದರೆ ಆ 1600 ಜನ ಎಲ್ಲೂ ಹೋಗುವುದಿಲ್ಲ. ಪಕ್ಕದ ದಾರಿಗೆ, ಅಂಗಡಿಗೆ, ಇನ್ನೊಂದು ರೈಡಿನ ಸಾಲಿಗೆ ಬರುತ್ತಾರೆ. ಅವರನ್ನು ಹಿಡಿದಿಟ್ಟುಕೊಳ್ಳುವ ಜಾಗ ಪಾರ್ಕಿನಲ್ಲಿ ಬೇಕೇ ಬೇಕು.

ನದಿ, ದ್ವೀಪ, ಬೋಟು ಮಾಡುತ್ತಿದ್ದ ಕೆಲಸ ಇದೇ. ದೊಡ್ಡ ಬೋಟು ಒಮ್ಮೆಗೆ ನೂರಾರು ಜನರನ್ನು ಹತ್ತಿಸಿಕೊಂಡು ದಾರಿಯಿಂದ ದೂರ ಒಯ್ಯುತ್ತಿತ್ತು. ದ್ವೀಪದಲ್ಲಿ ಮಕ್ಕಳು ಗುಹೆ, ಸೇತುವೆ ಎಂದು ಓಡಾಡಿದರೆ ದೊಡ್ಡವರು ನೆರಳಲ್ಲಿ ಕೂರುತ್ತಿದ್ದರು. ಎತ್ತರದ ಮಿತಿ ಇಲ್ಲ, ಬೆಲ್ಟ್ ಇಲ್ಲ, ಗಂಟೆಗಟ್ಟಲೆ ಕಾಯುವುದಿಲ್ಲ. ಬೋಟು ಖಾಲಿ ಓಡುತ್ತಿತ್ತು ಅನ್ನುವವರು ಯಾವ ಹೊತ್ತಿನ ಬೋಟು ನೋಡಿದರು ಎಂದೂ ಹೇಳಬೇಕು. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಕೋಸ್ಟರ್ ಕಡೆ ಓಡುವಾಗ ಬೋಟು ಖಾಲಿ ಇರುವುದು ಸಹಜ. ಪಕ್ಕದ ಕೋಸ್ಟರ್ ಕೆಟ್ಟು ನಿಂತ ಮಧ್ಯಾಹ್ನ ಆ ಖಾಲಿ ಸೀಟುಗಳೇ ಪಾರ್ಕನ್ನು ಕಾಯುತ್ತವೆ. ಸಭಾಂಗಣದ ಪ್ರದರ್ಶನಗಳ ಮಾತೂ ಇದೇ: 500 ಸೀಟಿನ ಸಭಾಂಗಣ ಅರ್ಧ ಗಂಟೆಗೊಂದು ಪ್ರದರ್ಶನ ಕೊಟ್ಟರೆ, ಅರ್ಧ ಮಾತ್ರ ತುಂಬಿದರೂ, ಗಂಟೆಗೆ 500 ಜನ ತಣ್ಣಗೆ ಒಳಗಿರುತ್ತಾರೆ.

ನದಿಯನ್ನು ಪೂರ್ತಿ ತೆಗೆಯಲೇಬೇಕಿತ್ತೇ? ಇದಕ್ಕೆ ಉತ್ತರ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲೇ ಇದೆ. 14 ಎಕರೆಯ ಸ್ಟಾರ್ ವಾರ್ಸ್ ವಲಯಕ್ಕೆ ಜಾಗ ಬೇಕಾದಾಗ ಅಲ್ಲಿನ ನದಿಯನ್ನು 2016ರ ಜನವರಿಯಲ್ಲಿ ನಿಲ್ಲಿಸಿದರು, ಉತ್ತರದ ತುದಿಯನ್ನು ಮೊಟಕು ಮಾಡಿದರು, ಹೊಸ ದಂಡೆಗೆ ಬಂಡೆ, ಜಲಪಾತ ಕಟ್ಟಿದರು, 2017ರ ಜುಲೈನಲ್ಲಿ ಮತ್ತೆ ತೆರೆದರು. ಪಾರ್ಕ್ ಸುತ್ತುವ ರೈಲಿನ ದಾರಿಯನ್ನೂ ತಿರುಗಿಸಬೇಕಾಯಿತು. 1955ರಿಂದ ಬಲಕ್ಕೇ ತಿರುಗುತ್ತಿದ್ದ ಆ ರೈಲಿಗೆ ಮೊದಲ ಎಡ ತಿರುವು ಬಂದದ್ದು ಆಗಲೇ. ನೀರಿನ ಮೇಲೆ ಕಟ್ಟಿದ ಹೊಸ ಸೇತುವೆಯಲ್ಲಿ ರೈಲು ಎಡಕ್ಕೆ ವಾಲಿದಾಗ ಕೆಳಗೆ ಜಲಪಾತ ಕಾಣುತ್ತದೆ. ನದಿಯ ಆ ದಡ ಹಿಂದಿಗಿಂತ ಈಗಲೇ ಚೆಲುವಾಗಿದೆ. ಬೋಟು, ದ್ವೀಪ ಉಳಿದವು, ಹೊಸ ವಲಯ 2019ರ ಮೇ ತಿಂಗಳಲ್ಲಿ ತೆರೆಯಿತು. ಜಾಗದ ಅಭಾವ ಫ್ಲಾರಿಡಾಕ್ಕಿಂತ ಎಷ್ಟೋ ಹೆಚ್ಚಿರುವ ಪಾರ್ಕಿನಲ್ಲೇ ಇದು ಸಾಧ್ಯವಾಯಿತು. ಫ್ಲಾರಿಡಾದಲ್ಲೂ ಇದೇ ದಾರಿ ಹಿಡಿಯಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಹಳೆಯದೆಲ್ಲ ಉಳಿಯಬೇಕು ಎಂದು ನಾನು ಹೇಳುವುದಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ '20,000 ಲೀಗ್ಸ್ ಅಂಡರ್ ದ ಸೀ' ಜಲಾಂತರ್ಗಾಮಿ ರೈಡ್ 1994ರಲ್ಲಿ ನಿಂತಿತು. ಅದಕ್ಕೆ ನಿಜವಾದ ಕಾರಣಗಳಿದ್ದವು. ಕಿರಿದಾದ ಬಾಗಿಲಲ್ಲಿ ಕಡಿದಾದ ಮೆಟ್ಟಿಲಿಳಿದು ಒಳಗೆ ಹೋಗಬೇಕು, ಆದ್ದರಿಂದ ಹತ್ತಿಸುವುದು ನಿಧಾನ, ನಡೆಯಲಾಗದವರಿಗೆ ಅಸಾಧ್ಯ. ನೀರಿನಡಿಯ ದೃಶ್ಯಗಳ ದುರಸ್ತಿಗೆ ಕೊಳವನ್ನೇ ಬರಿದು ಮಾಡಬೇಕು, ಇಲ್ಲವೇ ಮುಳುಗುಗಾರರನ್ನು ಇಳಿಸಬೇಕು. ಮುಚ್ಚಿದ್ದನ್ನು ನಾನು ಒಪ್ಪುತ್ತೇನೆ. ಮುಚ್ಚಿದ ಮೇಲೆ ನಡೆದದ್ದನ್ನು ಒಪ್ಪುವುದಿಲ್ಲ: ಬದಲಿಗೆ ಏನು ಎಂಬುದು ತೀರ್ಮಾನವಾಗಿರಲಿಲ್ಲ. ಕೊಳ ಹತ್ತು ವರ್ಷ ಹಾಗೇ ಬಿದ್ದಿತ್ತು, 2004ರಲ್ಲಿ ಅದನ್ನು ಮುಚ್ಚಿಹಾಕಿದರು, ಆ ಜಾಗದ ದೊಡ್ಡ ರೈಡ್ ಬಂದದ್ದು 2014ರಲ್ಲಿ. ಅದೇ ಕಂಪನಿ ಡಿಸ್ನಿಲ್ಯಾಂಡಿನಲ್ಲಿ 1998ರಲ್ಲಿ ನಿಲ್ಲಿಸಿದ ಜಲಾಂತರ್ಗಾಮಿಗಳ ಡೀಸೆಲ್ ಎಂಜಿನ್ ತೆಗೆದು ವಿದ್ಯುತ್ ಮೋಟಾರ್ ಕೂರಿಸಿತು, 2007ರಲ್ಲಿ 'ನೀಮೋ' ಕತೆಯೊಂದಿಗೆ ಮತ್ತೆ ಓಡಿಸಿತು. ಅಲ್ಲಿಯೂ ಒಂಬತ್ತು ವರ್ಷ ಬೇಕಾಯಿತು. ಆದ್ದರಿಂದ ಮುಚ್ಚುವ ಘೋಷಣೆ ಬಂದ ಕೂಡಲೇ ಕೇಳಬೇಕಾದದ್ದು ಬದಲಿಗೆ ಬರುವುದರ ವಿನ್ಯಾಸ, ಹಣ, ತೆರೆಯುವ ವರ್ಷ ಘೋಷಣೆಯಾಗಿದೆಯೇ ಎಂದು.

ಕಟ್ಟಡ, ಟ್ರ್ಯಾಕ್ ಉಳಿಸಿಕೊಂಡು ಕತೆ ಮಾತ್ರ ಬದಲಿಸುವ ದಾರಿ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ಡಿಸ್ನಿಲ್ಯಾಂಡಿನ ಪಕ್ಕದ ಪಾರ್ಕ್ ಕ್ಯಾಲಿಫೋರ್ನಿಯಾ ಅಡ್ವೆಂಚರ್‌ನ 'ಟವರ್ ಆಫ್ ಟೆರರ್' 2017ರ ಜನವರಿಯಲ್ಲಿ ಮುಚ್ಚಿ ಅದೇ ಮೇ ತಿಂಗಳಲ್ಲಿ 'ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ' ಆಗಿ ತೆರೆಯಿತು. ಆದರೆ ಹಳೆಯ ಯಂತ್ರದ ಮಿತಿಯೂ ಜೊತೆಗೇ ಬರುತ್ತದೆ. ಫ್ಲಾರಿಡಾದಲ್ಲೇ ಇರುವ ಡಿಸ್ನಿಯ ಇನ್ನೊಂದು ಪಾರ್ಕ್ ಎಪ್ಕಾಟ್‌ನ ನಾರ್ವೆ ವಿಭಾಗದ 'ಮೇಲ್‌ಸ್ಟ್ರಾಮ್' ದೋಣಿ ರೈಡ್ 2014ರಲ್ಲಿ ನಿಂತು, 2016ರ ಜೂನ್‌ನಲ್ಲಿ 'ಫ್ರೋಜನ್' ಕತೆಯಾಗಿ ಬಂತು. ನೀರಿನ ಕಾಲುವೆ ಅದೇ. ಕತೆಯ ಜನಪ್ರಿಯತೆ ಎಷ್ಟೋ ಪಟ್ಟು ಹೆಚ್ಚಿದರೂ ದೋಣಿಗಳು ಗಂಟೆಗೆ ಸಾಗಿಸುವ ಜನ ಹೆಚ್ಚಲಿಲ್ಲ. ಸಾಲು ಬೆಳೆದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. 'ಸ್ಪ್ಲಾಶ್ ಮೌಂಟನ್' ಎಂಬ ನೀರಿನ ರೈಡಿನ ಜಾಗಕ್ಕೆ 2024ರಲ್ಲಿ ಬಂದ 'ಟಿಯಾನಾಸ್ ಬಾಯೂ ಅಡ್ವೆಂಚರ್' ಕೂಡ ಹಳೆಯ ಕಾಲುವೆಯ ಮೇಲೇ ಓಡುತ್ತದೆ. ಇಂಥ ಬದಲಾವಣೆಯಲ್ಲಿ ಬೊಂಬೆ, ಬೆಳಕು, ಹಾಡಿನ ಬಗ್ಗೆ ಚರ್ಚೆ ಬೇಕಾದಷ್ಟು ನಡೆಯುತ್ತದೆ. ಪಂಪು, ಕವಾಟ, ನಿಯಂತ್ರಣದ ಕಂಪ್ಯೂಟರ್ ಎಷ್ಟು ಹೊಸದಾದವು, ಕಾಂಕ್ರೀಟಿನ ಬಿರುಕು ಎಷ್ಟು ದುರಸ್ತಿಯಾದವು ಎಂದು ಯಾರೂ ಕೇಳುವುದಿಲ್ಲ. ಹೊಸ ರೈಡ್ ದಿನಕ್ಕೆ ಎಷ್ಟು ಸಲ ನಿಲ್ಲುತ್ತದೆ ಎಂಬುದು ಬಹುಪಾಲು ಅವುಗಳ ಮೇಲೆಯೇ ನಿಂತಿದೆ.

ಇನ್ನು, ಸಾವಿರಾರು ಎಕರೆ ಖಾಲಿ ಇದೆಯಲ್ಲ, ಅಲ್ಲೇ ಕಟ್ಟಲಿ ಎಂಬ ವಾದ. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್ ಎರಡೂ ಇರುವ ಡಿಸ್ನಿ ವರ್ಲ್ಡ್‌ನ ಜಮೀನಿನ ದೊಡ್ಡ ಭಾಗ ಜೌಗು ಪ್ರದೇಶ, ಅದರಲ್ಲಿ ಬಹಳಷ್ಟನ್ನು ಸಂರಕ್ಷಣೆಗೆಂದೇ ಬಿಡಲಾಗಿದೆ. ಉಳಿದ ಜಾಗಕ್ಕೂ ಮಳೆನೀರಿನ ಕೊಳ, ವಿದ್ಯುತ್, ತಂಪು ನೀರಿನ ಕೊಳವೆ, ಒಳಚರಂಡಿ, ಸಿಬ್ಬಂದಿ ಮತ್ತು ಅಗ್ನಿಶಾಮಕ ವಾಹನಗಳ ದಾರಿ ಒದಗಿಸಬೇಕು. ಪಾರ್ಕ್ ಸುತ್ತ ರೈಲಿದ್ದರೆ ಅದನ್ನು ದಾಟಬೇಕು. 'ಟ್ರಾನ್' ಕೋಸ್ಟರ್ ಕಟ್ಟುವಾಗ ಮ್ಯಾಜಿಕ್ ಕಿಂಗ್‌ಡಮ್‌ನ ರೈಲು 2018ರ ಡಿಸೆಂಬರ್‌ನಿಂದ 2022ರ ಡಿಸೆಂಬರ್‌ವರೆಗೆ ನಿಂತೇ ಇತ್ತು. ಹೊರಗೆ ಕಟ್ಟಿದರೂ ಒಳಗಿನದೊಂದು ನಿಲ್ಲುತ್ತದೆ, ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪ್ರತಿಭಟನೆಯಿಂದ ಏನಾದರೂ ಆಗುತ್ತದೆಯೇ? ಮ್ಯಾಜಿಕ್ ಕಿಂಗ್‌ಡಮ್‌ನ 'ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್' ಉಳಿಸಿ ಎಂದು ಅಭಿಮಾನಿಗಳು ಹಸಿರು ಟೀಶರ್ಟ್ ತೊಟ್ಟು ಪಾರ್ಕಿನೊಳಗೆ ಸೇರಿದರು, ಪತ್ರಗಳನ್ನು ಬರೆದರು. 1998ರ ಸೆಪ್ಟೆಂಬರ್‌ನಲ್ಲಿ ಅದು ಮುಚ್ಚಿಯೇ ಹೋಯಿತು. ಎಪ್ಕಾಟ್‌ನ 'ಜರ್ನಿ ಇಂಟು ಇಮ್ಯಾಜಿನೇಶನ್' ಕತೆ ಬೇರೆ. 1999ರ ಹೊಸ ರೂಪದಲ್ಲಿ ಫಿಗ್ಮೆಂಟ್ ಎಂಬ ನೇರಳೆ ಡ್ರ್ಯಾಗನ್‌ಗೆ ಹೆಚ್ಚುಕಡಿಮೆ ಜಾಗವೇ ಇರಲಿಲ್ಲ. ದೂರುಗಳು ಬಂದವು, ಎರಡೇ ವರ್ಷಕ್ಕೆ ಮುಚ್ಚಿದರು, 2002ರಲ್ಲಿ ಫಿಗ್ಮೆಂಟ್ ಮರಳಿ ಬಂದ. ಟೋಡ್ ವಿಷಯದಲ್ಲಿ ಬೇಡಿಕೆ ಇದ್ದದ್ದು ತೀರ್ಮಾನವಾಗಿದ್ದ ಯೋಜನೆಯನ್ನೇ ಕೈಬಿಡಿ ಎಂದು. ಫಿಗ್ಮೆಂಟ್ ವಿಷಯದಲ್ಲಿ ಟಿಕೆಟ್ ಕೊಂಡು ಒಳಗೆ ಹೋದವರೇ ಇಲ್ಲಿ ಇಂಥದ್ದು ಕಾಣೆಯಾಗಿದೆ ಎಂದು ಬೆರಳಿಟ್ಟು ತೋರಿಸಿದ್ದರು. ಸರಿಪಡಿಸಬಹುದಾದ ಒಂದು ದೋಷವನ್ನು ಹೆಸರಿಟ್ಟು ಹೇಳಿದರೆ ಕೆಲಸ ಆಗುವ ಸಂಭವ ಹೆಚ್ಚು ಎಂದು ನಾನು ನಂಬುತ್ತೇನೆ.

ಅದಕ್ಕೆ ಬೇಕಾದ ಕಾಗದಗಳು ಸಾರ್ವಜನಿಕವಾಗಿಯೇ ಸಿಗುತ್ತವೆ. ಫ್ಲಾರಿಡಾದಲ್ಲಿ ನೀರಿನ ಹರಿವು ಬದಲಿಸುವ ದೊಡ್ಡ ಕೆಲಸಗಳಿಗೆ ಪರವಾನಗಿ ಬೇಕು, ಡಿಸ್ನಿಯ ಅರ್ಜಿಗಳು ಸೌತ್ ಫ್ಲಾರಿಡಾ ವಾಟರ್ ಮ್ಯಾನೇಜ್‌ಮೆಂಟ್ ಡಿಸ್ಟ್ರಿಕ್ಟ್‌ಗೆ ಹೋಗುತ್ತವೆ. ಆ ನಕ್ಷೆಗಳಲ್ಲಿ ಕಾಮಗಾರಿಯ ಗಡಿ, ಕಟ್ಟಡಗಳ ತಳಪಾಯದ ಆಕಾರ, ನೆಲಗಟ್ಟು ಹಾಕುವ ಜಾಗ, ನೀರು ಎಲ್ಲಿಗೆ ಹರಿಯುತ್ತದೆ ಎಂಬುದು ಇರುತ್ತದೆ. ರೈಡಿನ ಕತೆ ಇರುವುದಿಲ್ಲ. ಕಂಪನಿ ಬಿಡುವ ಬಣ್ಣದ ಚಿತ್ರದಲ್ಲಿ ಕತೆ ಇರುತ್ತದೆ, ಅಳತೆ ಇರುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿತ್ರದಲ್ಲಿ ಕಾಣುವ ಮರಗಳಿಗೆ ನಕ್ಷೆಯಲ್ಲಿ ಮಣ್ಣಿದೆಯೇ, ಸಾಲಿಗೆ ಬಿಟ್ಟ ಜಾಗ ಎಷ್ಟು, ದಾರಿಯ ಅಗಲ ಎಷ್ಟು, ಎತ್ತರದ ಮಿತಿ ಇಲ್ಲದ ರೈಡ್ ಒಂದಾದರೂ ಇದೆಯೇ, ರೈಡ್ ನಿಂತಾಗ ಜನ ಕೂರಲು ಎಲ್ಲಿ ನೆರಳಿದೆ. ಈ ಪ್ರಶ್ನೆಗಳನ್ನು ತಳಪಾಯ ಬೀಳುವ ಮೊದಲೇ ಕೇಳಿ. ಕಾಂಕ್ರೀಟ್ ಹಾಕಿದ ಮೇಲೆ ದಾರಿಯನ್ನು ಮೂರು ಮೀಟರ್ ಅಗಲ ಮಾಡಿ ಎಂದರೆ ಯಾವ ಎಂಜಿನಿಯರ್ ಕೈಯಲ್ಲೂ ಆಗುವುದಿಲ್ಲ.