ದೋಹಾದಲ್ಲಿ ಒಂದು ಸೆಂಟಿಮೀಟರ್

ಗೆಳೆಯರೆ, ಗುಂಡು ಎಸೆತವನ್ನು ಕೂತು ನೋಡುವವರು ಕಡಿಮೆ. ನಮ್ಮ ತಾಲ್ಲೂಕು ಕ್ರೀಡಾಕೂಟಗಳಲ್ಲಂತೂ ಜನರೆಲ್ಲ ಓಟದ ಕಡೆ. ಗುಂಡು ಎಸೆತ ಮೈದಾನದ ಮೂಲೆಯಲ್ಲಿ ಒಬ್ಬ ಪಿ.ಟಿ. ಮೇಷ್ಟ್ರು, ಟೇಪು ಹಿಡಿದ ಇಬ್ಬರು ಹುಡುಗರ ಮುಂದೆ ಮುಗಿದುಹೋಗುತ್ತದೆ. ಅದಕ್ಕೇ ಇವತ್ತು ಒಂದೇ ಒಂದು ಫೈನಲ್ ಹಿಡಿದು ಮಾತಾಡುತ್ತೇನೆ. 2019ರ ಅಕ್ಟೋಬರ್ 5, ದೋಹಾ, ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ ಶಾಟ್‌ಪಟ್. ಅವತ್ತು ತೋಳಿನ ಬಲದಷ್ಟೇ ಸರದಿಯೂ ಅಳತೆಯ ನಿಯಮವೂ ಪದಕ ಹಂಚಿದವು ಅನ್ನುವುದು ನನ್ನ ಲೆಕ್ಕ.

ಗುಂಡಿನ ತೂಕ 7.26 ಕೆ.ಜಿ. ವೃತ್ತದ ವ್ಯಾಸ 2.135 ಮೀಟರ್. ಅಷ್ಟು ಸಣ್ಣ ಜಾಗದಲ್ಲಿ ದೈತ್ಯದೇಹಿ ಗಿರ್ರನೆ ತಿರುಗಿ, ವೃತ್ತದ ಮುಂದಿನ ಅಂಚಿನಲ್ಲಿ ಕಾಲಿಗೆ ತಡೆಯಾಗಿ ಕೂರಿಸಿದ ಪಟ್ಟಿ, ಅಂದರೆ ಸ್ಟಾಪ್ ಬೋರ್ಡ್, ಅದರ ಮೇಲೆ ಕಾಲಿಡದೆ ನಿಲ್ಲಬೇಕು.

ಮೊದಲ ಸುತ್ತಿನಲ್ಲೇ ನ್ಯೂಜಿಲೆಂಡ್‌ನ ಟಾಮ್ ವಾಲ್ಶ್ 22.90 ಮೀಟರ್ ಎಸೆದರು. 1987ರಲ್ಲಿ ರೋಮ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ವೆರ್ನರ್ ಗುಂಥೋರ್ ಬರೆದಿದ್ದ 22.23ರ ಕೂಟ ದಾಖಲೆ ಅಲ್ಲಿಗೆ ಮುಗಿಯಿತು. ಐದು ಸುತ್ತಿನ ತನಕ ವಾಲ್ಶ್ ಅವರನ್ನು ಯಾರೂ ಮುಟ್ಟಲಿಲ್ಲ. ಅಮೆರಿಕದ ಜೋ ಕೊವಾಕ್ಸ್ ಆಗ ನಾಲ್ಕನೆಯವರು. 22 ಮೀಟರನ್ನೇ ದಾಟಿರಲಿಲ್ಲ. 2015ರ ವಿಶ್ವ ಚಾಂಪಿಯನ್ ಆದರೂ ಆ ವರ್ಷ ಅವರ ಮೇಲೆ ಹೆಚ್ಚಿನವರಿಗೆ ನಂಬಿಕೆ ಇರಲಿಲ್ಲ. ಕೋಚ್ ಆಗಿದ್ದವರು ಹೆಂಡತಿ ಆಶ್ಲಿ.

ಈಗ ಸರದಿ ನೋಡಿ. ಕೊನೆಯ ಸುತ್ತಿನಲ್ಲಿ ಹಿಂದಿರುವವರು ಮೊದಲು ಎಸೆಯುತ್ತಾರೆ, ಮುಂದಿರುವವರು ಕೊನೆಗೆ. ಅಂದರೆ ಕೊವಾಕ್ಸ್ ಎಸೆದ ಮೇಲೂ ಮೂರು ಜನಕ್ಕೆ ಉತ್ತರಿಸುವ ಅವಕಾಶ ಇತ್ತು. ಕೊವಾಕ್ಸ್ ವೃತ್ತಕ್ಕೆ ಇಳಿದು ಎಸೆದದ್ದು 22.91! ನಾಲ್ಕನೇ ಸ್ಥಾನದಿಂದ ನೇರ ಮೊದಲಿಗೆ. ಬ್ರೆಜಿಲ್‌ನ ಡಾರ್ಲನ್ ರೊಮಾನಿ ಉತ್ತರಿಸಲಾಗಲಿಲ್ಲ. ಒಲಿಂಪಿಕ್ ಚಾಂಪಿಯನ್ ರಯಾನ್ ಕ್ರೌಸರ್ ಎಸೆದದ್ದು 22.90. ವಾಲ್ಶ್ ತಮ್ಮ ಮೊದಲ ಎಸೆತವನ್ನು ಕೊನೆಗೂ ಮೀರಲಿಲ್ಲ.

ಇಬ್ಬರಿಗೆ 22.90. ಹಾಗಾದರೆ ಬೆಳ್ಳಿ ಯಾರಿಗೆ? ಎರಡನೇ ಅತ್ಯುತ್ತಮ ಎಸೆತ ನೋಡುತ್ತಾರೆ. ಅದರಲ್ಲಿ ಕ್ರೌಸರ್ ಮುಂದಿದ್ದರು. ವಾಲ್ಶ್‌ಗೆ ಕಂಚು.

ಇದಕ್ಕಿಂತ ನನ್ನನ್ನು ಕಾಡುವುದು ಅಳತೆ. ಗುಂಡು ಬಿದ್ದ ಗುರುತಿನಲ್ಲಿ ವೃತ್ತಕ್ಕೆ ಹತ್ತಿರದ ಅಂಚಿನಿಂದ ಸ್ಟಾಪ್ ಬೋರ್ಡಿನ ಒಳ ಅಂಚಿಗೆ ಅಳೆಯುತ್ತಾರೆ. ಪೂರ್ತಿ ಸೆಂಟಿಮೀಟರ್ ಆಗದ ಮಿಲಿಮೀಟರುಗಳನ್ನು ಬಿಟ್ಟುಬಿಡುತ್ತಾರೆ. 22.909 ಇದ್ದರೂ ಬರೆಯುವುದು 22.90 ಅಂತಲೇ. ಹಾಗಾಗಿ ಕೊವಾಕ್ಸ್‌ಗೂ ಉಳಿದಿಬ್ಬರಿಗೂ ನಿಜವಾಗಿ ಇದ್ದ ಅಂತರ ಒಂದು ಮಿಲಿಮೀಟರ್ ಇರಬಹುದು, ಎರಡು ಸೆಂಟಿಮೀಟರಿನ ಹತ್ತಿರವೂ ಇರಬಹುದು. ಕ್ರೌಸರ್, ವಾಲ್ಶ್ ಎಸೆತಗಳೂ ನೆಲದ ಮೇಲೆ ಬೇರೆ ಬೇರೆ ಇದ್ದಿರಬಹುದು, ಪುಸ್ತಕದಲ್ಲಿ ಒಂದೇ. ನಿಯಮ ಎಲ್ಲರಿಗೂ ಒಂದೇ, ಅನ್ಯಾಯ ಅನ್ನಲಾರೆ. ಆದರೆ ವಾಲ್ಶ್ ಜಾಗದಲ್ಲಿ ನಾನಿದ್ದಿದ್ದರೆ ಅವತ್ತು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಪಾಪ, ರೊಮಾನಿ ಕಥೆ ಇನ್ನೂ ಕೆಟ್ಟದ್ದು. ಅವರ 22.53 ಹಿಂದಿನ ಯಾವುದೇ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಚಿನ್ನ ತರುತ್ತಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕ್ರೌಸರ್ ಚಿನ್ನ ಗೆದ್ದ ದೂರ 22.52; ಅದಕ್ಕಿಂತಲೂ ಒಂದು ಸೆಂಟಿಮೀಟರ್ ಹೆಚ್ಚು. ದೋಹಾದಲ್ಲಿ ಮಾತ್ರ ಬರಿಗೈ.

ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೌಸರ್, ಕೊವಾಕ್ಸ್, ವಾಲ್ಶ್ ಇದೇ ಕ್ರಮದಲ್ಲಿ ಪದಕ ಪಡೆದರು. ಕ್ರೌಸರ್ 2023ರಲ್ಲಿ ವಿಶ್ವ ದಾಖಲೆಯನ್ನು 23.56ಕ್ಕೆ ಒಯ್ದರು. 2024ರ ಪ್ಯಾರಿಸ್‌ನಲ್ಲಿ ಅವರಿಗೆ ಚಿನ್ನ ಕೊಟ್ಟದ್ದು 22.90. ಅದೇ ಫೈನಲ್‌ನಲ್ಲಿ ಕೊವಾಕ್ಸ್ ಕೊನೆಯ ಎಸೆತದಲ್ಲೇ 22.15ಕ್ಕೆ ತಲುಪಿ, ಜಮೈಕಾದ ರಜಿಂದ್ರ ಕ್ಯಾಂಪ್‌ಬೆಲ್ ಜೊತೆ ಸಮ ಆಗಿ, ಎರಡನೇ ಅತ್ಯುತ್ತಮ ಎಸೆತದ ಲೆಕ್ಕದಲ್ಲಿ ಬೆಳ್ಳಿ ತಗೊಂಡರು.

ಈಗ ದೋಹಾದ ಆರನೇ ಸುತ್ತಿನ ವಿಡಿಯೊ ಹಾಕುತ್ತಾರೆ. ಗುಂಡು ಎಲ್ಲಿ ಬೀಳುತ್ತದೆ ಅಂತ ನೋಡುವುದು ಆಮೇಲೆ. ಮೊದಲು ಕೊವಾಕ್ಸ್ ಪಾದ ನೋಡಿ, ಸ್ಟಾಪ್ ಬೋರ್ಡಿನ ಹತ್ತಿರ.