ಸಶೇಷ ಅಂತ ಹಾಕಿದ್ರೆ ಏನಾಗ್ತಿತ್ತು?

ನಮಸ್ಕಾರ ಕೇಳುಗರೇ. ಹೋದ ತಿಂಗಳು ಬೆಳಗಾವಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಕೈಯಲ್ಲಿ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ ದಪ್ಪನೆಯ ಸೈನ್ಸ್ ಫಿಕ್ಷನ್ ಕಾದಂಬರಿ, ಹೆಸರು ಬೇಡ ಬಿಡಿ. ಅಥಣಿ ದಾಟುವಾಗ ಇನ್ನು ಮೂವತ್ತೇ ಪುಟ. ನಾಲ್ಕು ಜನ ಭೂಮಿಗೆ ವಾಪಸ್ ಬರಬೇಕು, ನೌಕೆಯಲ್ಲಿ ಆಕ್ಸಿಜನ್ ಮುಗಿಯುತ್ತಾ ಬಂದಿದೆ, ನಾಲ್ವರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತು, ಉಳಿದವರಿಗೆ ಗೊತ್ತಿಲ್ಲ. ತಿಕೋಟಾ ಹತ್ತಿರ ಬಂದಾಗ ನೌಕೆಯ ಬಾಗಿಲನ್ನು ಹೊರಗಿನಿಂದ ಯಾರೋ ತಟ್ಟಿದರು. ಪುಟ ತಿರುವಿದೆ. ಖಾಲಿ.

ಯಾರಾದರೂ ಹಾಳೆ ಹರಿದಿದ್ದಾರಾ ಅಂತ ಹೊಲಿಗೆಯಲ್ಲಿ ಬೆರಳಾಡಿಸಿ ನೋಡಿದೆ. ಪುಸ್ತಕ ತಲೆಕೆಳಗೆ ಹಿಡಿದು ಜಾಡಿಸಿದೆ. ಪಕ್ಕದ ಸೀಟಿನ ಕಾಕಾ, "ಯಾಕ್ರೀ, ಅದರಾಗ ರೊಕ್ಕಾ ಇಟ್ಟಿದ್ರೇನು?" ಅಂದರು.

ಅದು ಎರಡು ಭಾಗದ ಕಾದಂಬರಿಯ ಮೊದಲ ಭಾಗವಂತೆ. ಮುಖಪುಟದಲ್ಲಿ ಆ ಸುಳಿವೇ ಇಲ್ಲ. ನಮ್ಮ ವಾರಪತ್ರಿಕೆಗಳ ಧಾರಾವಾಹಿಯಲ್ಲಿ ಕೊನೆಗೆ 'ಸಶೇಷ' ಅಂತ ಇರುತ್ತಿತ್ತು, ನೆನಪಿದೆಯಾ? ಅವ್ವ ಅದನ್ನು ಓದಿ, ಬೈದು, ಪತ್ರಿಕೆ ಮಡಚಿಟ್ಟು ರೊಟ್ಟಿ ಬಡಿಯೋಕೆ ಹೋಗುತ್ತಿದ್ದಳು. ಬೈದರೂ ಮೋಸ ಹೋದೆ ಅಂತ ಅವಳಿಗೆ ಅನಿಸುತ್ತಿರಲಿಲ್ಲ.

ಬೇಕಂತಲೇ ನಿಲ್ಲಿಸುವವರೂ ಇದ್ದಾರೆ. 1942ರಲ್ಲಿ ಐಸಾಕ್ ಅಸಿಮೋವ್ ಅವರ 'ಫೌಂಡೇಶನ್' ಸರಣಿಯ ಮೊದಲ ಕಥೆ ಪತ್ರಿಕೆಯಲ್ಲಿ ಬಂತು. ಬಿಕ್ಕಟ್ಟಿಗೆ ಪರಿಹಾರ ಎದುರಿಗೇ ಇದೆ ಅನ್ನುತ್ತಾನೆ ನಾಯಕ, ಏನು ಅಂತ ಹೇಳುವುದಿಲ್ಲ. ಕಥೆ ಮುಗೀತು! ಸಂಪಾದಕರು ಮುಂದಿನ ಕಥೆ ತಗೊಳ್ಳಲೇಬೇಕು, ಅದೇ ಲೆಕ್ಕ. ತಮಾಷೆ ಅಂದ್ರೆ, ಮುಂದಿನದು ಬರೆಯಲು ಕೂತಾಗ ಅಸಿಮೋವ್ ಅವರಿಗೇ ದಾರಿ ತೋಚಲಿಲ್ಲ.

ಆರ್ಥರ್ ಕ್ಲಾರ್ಕ್ ಅವರ 1973ರ 'ರಾಮಾ' ಕಾದಂಬರಿಯ ಮಾತೇ ಬೇರೆ. 50 ಕಿಲೋಮೀಟರ್ ಉದ್ದದ ಕೊಳವೆಯಂಥ ನೌಕೆ ನಮ್ಮ ಸೌರಮಂಡಲಕ್ಕೆ ಬರುತ್ತದೆ. ಮನುಷ್ಯರು ಒಳಗೆ ಹೋಗಿ ಕಂಡದ್ದನ್ನು ನೋಡಿಕೊಂಡು ಹೊರಬರುತ್ತಾರೆ. ಅದು ಸೂರ್ಯನ ಹತ್ತಿರ ಹಾದು ಹೊರಟೇ ಹೋಗುತ್ತದೆ. ಕಟ್ಟಿದವರು ಯಾರು? ಹೇಳುವುದಿಲ್ಲ. ನನಗೆ ಸಿಟ್ಟು ಬರಲಿಲ್ಲ. ಹೋದವರ ಕೆಲಸ ಮುಗಿದಿತ್ತು, ಅವರು ಮನೆಗೆ ಹೊರಟಿದ್ದರು, ನಾನೂ ಹೊರಟೆ. ಉತ್ತರ ಸಿಗದಿದ್ದರೆ ನಡೆಯುತ್ತದೆ. ಜನರನ್ನು ನಡುದಾರಿಯಲ್ಲಿ ಬಿಟ್ಟರೆ ಮಾತ್ರ ನನಗೆ ಸಂಕಟ. 1989ರಲ್ಲಿ ಕ್ಲಾರ್ಕ್ ಅವರು ಜೆಂಟ್ರಿ ಲೀ ಅನ್ನೋ ಲೇಖಕರ ಜೊತೆ ಸೇರಿ ಮುಂದಿನ ಭಾಗ ತಂದರು, ಅದು ಬೇಕಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು 'ಡ್ಯೂನ್' ಬರೆದ ಫ್ರ್ಯಾಂಕ್ ಹರ್ಬರ್ಟ್. ಆ ಸರಣಿಯ ಆರನೇ ಪುಸ್ತಕ 1985ರಲ್ಲಿ ಬಂತು. ಕೊನೆಗೆ ಕೆಲವರು ಗುರುತಿಲ್ಲದ ಆಕಾಶಕ್ಕೆ ತಪ್ಪಿಸಿಕೊಂಡು ಹೋಗುತ್ತಾರೆ. 1986ರಲ್ಲಿ ಹರ್ಬರ್ಟ್ ತೀರಿಕೊಂಡರು. ಅವರನ್ನು ಹೇಗೆ ಬೈಯೋದು? ನಮ್ಮ ವಿಜಯಪುರದಲ್ಲಿ ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನ್ ಮುಂದೆ ನಿಂತು, ಗುಮ್ಮಟ ಯಾಕೆ ಹಾಕಿಲ್ಲ ಅಂತ ಅಲ್ಲೇ ಮಲಗಿರುವ ಸುಲ್ತಾನ ಎರಡನೇ ಅಲಿ ಆದಿಲ್ ಶಾಹನ ಜೊತೆ ಜಗಳ ತೆಗೆದ ಹಾಗಾಗುತ್ತೆ, ಅಲ್ವಾ?

ನನ್ನ ಪುಸ್ತಕದ ಎರಡನೇ ಭಾಗ ಮೊನ್ನೆ ಬಂತು. ಊಟ ಬಿಟ್ಟು ಓದಿದೆ. ಬಾಗಿಲು ತಟ್ಟಿದ್ದು ಯಾರೂ ಅಲ್ಲ. ಸಡಿಲಾದ ಪೈಪು.