ಟೆಸ್ಲಾ ಕೂತ ಕುರ್ಚಿ

ಕೇಳುಗರಿಗೆ ನಮಸ್ಕಾರ. ಬಾನುಲಿಯಲ್ಲಿ ಒಂದು ಫೋಟೋ ತೋರಿಸಬೇಕಾದ ಪೇಚು ಇವತ್ತು ನನ್ನದು. ಕಣ್ಣು ಮುಚ್ಚಿಕೊಂಡೇ ನೋಡಿ.

ಮರದ ದೊಡ್ಡ ಕೊಟ್ಟಿಗೆ. ಒಳಗೆಲ್ಲ ಮಿಂಚಿನ ಬಳ್ಳಿಗಳು, ಆಳೆತ್ತರವನ್ನೂ ಮೀರಿದವು. ಅವುಗಳ ಬುಡದಲ್ಲಿ ಸಪೂರ ಮನುಷ್ಯನೊಬ್ಬ, ಮನೆಯ ಜಗಲಿಯಲ್ಲಿ ಕೂತ ಹಾಗೆ, ಕುರ್ಚಿಯಲ್ಲಿ ಕೂತು ಓದುತ್ತಿದ್ದಾನೆ. ಆತ ವಿದ್ಯುತ್ತಿನ ಸಂಶೋಧಕ ನಿಕೋಲಾ ಟೆಸ್ಲಾ, ಕೊಟ್ಟಿಗೆ ಅವನ ಪ್ರಯೋಗಶಾಲೆ. ಊರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್, ಕಾಲ 1899ರ ಚಳಿಗಾಲ.

ಮಿಂಚನ್ನು ಪಳಗಿಸಿದ ಮಾಂತ್ರಿಕ ಎಂಬ ಕಥೆಗೆ ಈ ಚಿತ್ರವೇ ಸಾಕ್ಷಿ. ಸಾಕ್ಷಿ ಮಾತ್ರ ಸುಳ್ಳು! ಮೊದಲು ಕತ್ತಲಲ್ಲಿ ಮಿಂಚನ್ನಷ್ಟೇ ಫೋಟೋ ಪ್ಲೇಟಿಗೆ ಇಳಿಸಿದರು. ಆಮೇಲೆ ಮಿಂಚು ಹೊಮ್ಮಿಸುವ ಯಂತ್ರ ನಿಲ್ಲಿಸಿ ಟೆಸ್ಲಾನನ್ನು ಕೂರಿಸಿ, ದೀಪ ಹಚ್ಚಿ, ಅದೇ ಪ್ಲೇಟಿನ ಮೇಲೆ ಮತ್ತೊಮ್ಮೆ ತೆಗೆದರು. ಮುಖ ಸ್ಪಷ್ಟವಾಗಿ ಕಾಣಲಿ ಅಂತ ಕೊನೆಗೊಂದು ಚಿಟಿಕೆ ಫ್ಲ್ಯಾಶ್ ಪುಡಿಯನ್ನೂ ಸಿಡಿಸಿದರು. ಇದನ್ನು ಯಾವ ಪತ್ತೇದಾರನೂ ಬಯಲು ಮಾಡಿದ್ದಲ್ಲ. ಟೆಸ್ಲಾನೇ ತನ್ನ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದ. ಟಿಪ್ಪಣಿ ಅಚ್ಚಾದದ್ದು 1978ರಲ್ಲಿ. ಅಷ್ಟರಲ್ಲಿ ಕಥೆ ಊರೂರು ಸುತ್ತಿ ಬಂದಿತ್ತು.

ಇಪ್ಪತ್ತಾರು ಮೈಲಿ ಆಚೆಗಿನ 200 ಬಲ್ಬುಗಳನ್ನು ತಂತಿಯಿಲ್ಲದೆ ಉರಿಸಿದ ಅನ್ನುತ್ತಾರಲ್ಲ, ಅದೂ ಹಾಗೆಯೇ. ಟಿಪ್ಪಣಿಯಲ್ಲಿ ಉರಿದದ್ದು ಪ್ರಯೋಗಶಾಲೆಯ ಆಸುಪಾಸಿನ ಬಲ್ಬುಗಳು. ನನಗಂತೂ ಅದೇ ಸಾಕಷ್ಟು ಸೋಜಿಗ.

ಹಾಗಂತ ಎಲ್ಲ ತಪ್ಪನ್ನೂ ಜನರ ತಲೆಗೆ ಕಟ್ಟುವಂತಿಲ್ಲ. ಮುಪ್ಪಿನಲ್ಲಿ ಟೆಸ್ಲಾ ಹುಟ್ಟುಹಬ್ಬಕ್ಕೆ ಪತ್ರಕರ್ತರನ್ನು ಕರೆಯುತ್ತಿದ್ದ. 1935ರಲ್ಲಿ, 79ರ ಹರೆಯದಲ್ಲಿ, ಪುಟ್ಟದೊಂದು ಕಂಪನ ಯಂತ್ರದಿಂದ ಹಿಂದೊಮ್ಮೆ ನ್ಯೂಯಾರ್ಕಿನ ಕಟ್ಟಡವನ್ನೇ ನಡುಗಿಸಿದ್ದೆ, ಕೊನೆಗೆ ಸುತ್ತಿಗೆಯಿಂದ ಬಡಿದು ನಿಲ್ಲಿಸಿದೆ ಅಂದ. ಮೊದಲ ಬೀಜ ಬಿತ್ತಿದವನೂ ಅವನೇ, ನೀರೆರೆದವನೂ ಅವನೇ. ಹಣ ಹಾಕುವವರನ್ನು ಒಲಿಸಿಕೊಳ್ಳಬೇಕಿದ್ದ ಕಾಲದಲ್ಲಿ ಕಲಿತ ಚಾಳಿ ಇರಬೇಕು ಅದು. ಕೊಲೊರಾಡೊದ ಮಿಂಚಿನ ಚಿತ್ರಗಳು 1900ರಲ್ಲಿ ಪತ್ರಿಕೆಯಲ್ಲಿ ಬಂದವು, ಮರುವರ್ಷವೇ ಬ್ಯಾಂಕಿನ ದೊಡ್ಡ ಧಣಿ ಜೆ. ಪಿ. ಮಾರ್ಗನ್ 1,50,000 ಡಾಲರ್ ಕೊಟ್ಟ.

ಈ ಗದ್ದಲದಲ್ಲಿ ಮರೆಯಾದದ್ದು ಆತನ 1888ರ ಪೇಟೆಂಟುಗಳು, ಬಹುಹಂತದ ಪರ್ಯಾಯ ವಿದ್ಯುತ್ತಿನವು, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಎ.ಸಿ. ಕರೆಂಟಿನವು. ಅದೇ ತತ್ತ್ವದ ಕರೆಂಟು 1902ರಲ್ಲಿ ನಮ್ಮ ಶಿವನಸಮುದ್ರದಿಂದ ಹೊರಟು, ಸುಮಾರು 147 ಕಿಲೋಮೀಟರ್ ತಂತಿ ಹಾದು, ಕೋಲಾರದ ಚಿನ್ನದ ಗಣಿ ಮುಟ್ಟಿತು. ಅದರ ಸುತ್ತ ಯಾವ ಪವಾಡದ ಕಥೆಯೂ ಹುಟ್ಟಲಿಲ್ಲ, ಯಾಕೆಂದರೆ ಅದು ಕೆಲಸ ಮಾಡಿತು.

ಕೊಲೊರಾಡೊದ ಕೊಟ್ಟಿಗೆಯನ್ನು 1904ರಲ್ಲಿ ಕೆಡವಿದರು. ಒಳಗಿನ ಸಾಮಾನು ಸಾಲಕ್ಕೆ ಮಾರಾಟವಾಯಿತು. ಕುರ್ಚಿಯೂ ಅದರಲ್ಲೇ ಹೋಗಿರಬೇಕು.